ಆಕಾಶಕ್ಕೆ ಬೇಲಿ ಹಾಕಿದವರಾರು?



ನಿಮ್ಮಲ್ಲಿ ಅನೇಕರು ಇಂದು ತಂದೆ-ತಾಯಂದಿರಾಗಿದ್ದೀರಿ. ಕೆಲವರು ನಾನು ನಡೆದ ಹಾದಿಯನ್ನೇ ಹಿಡಿದು ಶಿಕ್ಷಕರಾಗಿದ್ದೀರಿ. ಒಬ್ಬಿಬ್ಬರು ಶಾಲೆಗಳ ಆಡಳಿತ ಮಂಡಳಿಯಲ್ಲಿಯೂ ಇದ್ದೀರೆಂದು ಕೇಳಿ ಸಂತೋಷಪಟ್ಟಿದ್ದೇನೆ. ಆದುದರಿಂದಲೇ ಈ ಸಲದ ಬರಹವನ್ನು ಹಳೆಯ ನೆನಪುಗಳ ಬುತ್ತಿಯೆಂದು ಭಾವಿಸದೆ, ಒಂದು ತಕರಾರು ಅರ್ಜಿಯೆಂದು ಓದಬೇಕಾಗಿ ವಿನಂತಿ. ತಕರಾರು ಯಾರ ಮೇಲೆ ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಪ್ರಶ್ನೆ ಸರಳವಾದದ್ದು. ಸಂಜೆಯ ಆಕಾಶದಲ್ಲಿ ಗುರುತು ಸಿಗದ ಉಪಗ್ರಹವೊಂದು ನಕ್ಷತ್ರದಂತೆ ಹೊಳೆಯುತ್ತ, ಸದ್ದಿಲ್ಲದೆ ಹಾದುಹೋಗುತ್ತದೆ. ಅದು ಏನು, ಯಾರದು, ಎಲ್ಲಿಂದ ಮೇಲೇರಿತು ಎಂದು ಕಂಡುಹಿಡಿಯುವ ಕೆಲಸ ಯಾರದು? ನಮ್ಮ ಸಮಾಜದಲ್ಲಿ ಇದಕ್ಕೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ. ವಿದ್ಯಾವಂತರೆನಿಸಿಕೊಂಡವರು, "ಅದೆಲ್ಲ ಇಸ್ರೋದಂಥ ದೊಡ್ಡ ಸಂಸ್ಥೆಗಳ ವಿಷಯ, ಶಾಲಾಮಕ್ಕಳಿಗೆ ಅದರ ಗೊಡವೆ ಏಕೆ?" ಎನ್ನುತ್ತಾರೆ. ಮತ್ತೊಂದು ಗುಂಪಿನವರು ಮೊಬೈಲಿನಲ್ಲಿ ಬಂದ ವಿಡಿಯೋವನ್ನು ಹತ್ತು ಜನರಿಗೆ ಕಳುಹಿಸಿ, "ಅದು ಅನ್ಯಲೋಕದವರ ವಾಹನ, ಸರಕಾರಗಳು ಮುಚ್ಚಿಡುತ್ತಿವೆ" ಎನ್ನುತ್ತಾರೆ. ಮೇಲುನೋಟಕ್ಕೆ ಈ ಎರಡು ಗುಂಪುಗಳು ಪರಸ್ಪರ ವಿರುದ್ಧವಾಗಿ ಕಾಣುತ್ತವೆ. ನನ್ನ ದೃಷ್ಟಿಯಲ್ಲಿ ಇವೆರಡೂ ಒಂದೇ ತಾಯಿಯ ಮಕ್ಕಳು. ಸಾಮಾನ್ಯ ಮನುಷ್ಯನು ತಾನೇ ನೋಡಿ, ಅಳೆದು, ಲೆಕ್ಕ ಹಾಕಿ ನಿಜವನ್ನು ತಿಳಿಯಲಾರ ಎಂಬ ನಂಬಿಕೆಯೇ ಆ ತಾಯಿ. ಈ ನಂಬಿಕೆ ಸುಳ್ಳು ಎಂಬುದೇ ನನ್ನ ವಾದ. ವಾದಕ್ಕೆ ಸಾಕ್ಷಿಯಾಗಿ ಒಂದು ಶಾಲೆಯನ್ನೇ ಕರೆತರುತ್ತೇನೆ.

ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರಿನಲ್ಲಿ ಕೆಟರಿಂಗ್ ಎಂಬ ಊರು. ಅಲ್ಲಿಯ ಗ್ರಾಮರ್ ಶಾಲೆಯಲ್ಲಿ ಜೆಫ್ರಿ ಪೆರಿ ಎಂಬವರು ಭೌತಶಾಸ್ತ್ರದ ಶಿಕ್ಷಕರಾಗಿದ್ದರು. ರೇಡಿಯೋ ಹವ್ಯಾಸಿಯಾಗಿದ್ದ ಡೆರೆಕ್ ಸ್ಲೇಟರ್ ಅವರ ಸಹೋದ್ಯೋಗಿ, ರಸಾಯನಶಾಸ್ತ್ರದ ಶಿಕ್ಷಕ. ಡಾಪ್ಲರ್ ಪರಿಣಾಮವನ್ನು ಹುಡುಗರಿಗೆ ಕಪ್ಪು ಹಲಗೆಯ ಮೇಲಿನ ಸೂತ್ರವಾಗಿ ಕಲಿಸುವ ಬದಲು ಉಪಗ್ರಹದ ಸಂಕೇತದಿಂದಲೇ ಏಕೆ ಕೇಳಿಸಬಾರದು ಎಂಬ ವಿಚಾರದಿಂದ ಇವರ ಸಾಹಸ ಬೆಳೆಯಿತು. ರೈಲು ನಮ್ಮತ್ತ ಬರುವಾಗ ಸೀಟಿಯ ಸ್ವರ ಏರಿರುತ್ತದೆ, ದಾಟಿ ಹೋದೊಡನೆ ಇಳಿಯುತ್ತದೆ ಎಂದು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಅದೇ ತತ್ತ್ವ. ಇಲ್ಲಿ ರೈಲಿನ ಬದಲು ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ವೇಗದ ಉಪಗ್ರಹ, ಸೀಟಿಯ ಬದಲು 20 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ಸಂಕೇತ. ಉಪಗ್ರಹದ ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ 20 ಮೆಗಾಹರ್ಟ್ಸ್‌ನಿಂದ ಗುಣಿಸಿದರೆ ಸುಮಾರು 500 ಹರ್ಟ್ಸ್ ಬರುತ್ತದೆ. ಸ್ವರವು ಹೆಚ್ಚೆಂದರೆ ಇಷ್ಟು ಏರಿ, ಮತ್ತೆ ಇಷ್ಟೇ ಇಳಿಯುತ್ತದೆ. ಹತ್ತನೆಯ ತರಗತಿಯ ಹುಡುಗ ಮಾಡಬಲ್ಲ ಲೆಕ್ಕವಿದು. ಏರಿಕೆ ಮುಗಿದು ಇಳಿಕೆಗೆ ತಿರುಗುವ ಕ್ಷಣವೇ ಉಪಗ್ರಹವು ಕೇಳುಗನಿಗೆ ಅತ್ಯಂತ ಸಮೀಪದಲ್ಲಿರುವ ಕ್ಷಣ. ಆ ತಿರುವು ಎಷ್ಟು ಚುರುಕಾಗಿದೆ ಎಂಬುದರಿಂದ ದೂರವನ್ನು ಅಂದಾಜು ಮಾಡಬಹುದು. ಒಂದು ಸುತ್ತಿನಿಂದ ಮತ್ತೊಂದು ಸುತ್ತಿಗೆ ಹಿಡಿಯುವ ಕಾಲವನ್ನು ಗಡಿಯಾರ ತಿಳಿಸುತ್ತದೆ.

ಈ ಬಗೆಯಲ್ಲಿ ಆ ಶಾಲೆಯ ಹುಡುಗರು ಸೋವಿಯತ್ ಒಕ್ಕೂಟದ ಕಾಸ್ಮೋಸ್ ಉಪಗ್ರಹಗಳ ದಿನಚರಿಯನ್ನು ವರ್ಷಗಟ್ಟಲೆ ಬರೆದಿಟ್ಟರು. 1966ರ ಮಾರ್ಚಿಯಲ್ಲಿ ಮೇಲೇರಿದ ಕಾಸ್ಮೋಸ್ 112 ಅವರ ಲೆಕ್ಕಕ್ಕೆ ಹೊಂದಿಕೊಳ್ಳಲಿಲ್ಲ. ಆ ಬಗೆಯ ಹಿಂದಿನ ಉಪಗ್ರಹಗಳ ಕಕ್ಷೆಗಳು ಸಮಭಾಜಕ ವೃತ್ತಕ್ಕೆ 65 ಅಥವಾ 52 ಡಿಗ್ರಿಯಷ್ಟು ಓರೆಯಾಗಿದ್ದರೆ, ಇದರದು 72 ಡಿಗ್ರಿ. ಅದರ ಪಥವನ್ನು ಹಿಂದಕ್ಕೆ ಎಳೆದರೆ ಬೈಕನೂರಿಗೆ ಹೋಗಿ ಮುಟ್ಟುತ್ತಿರಲಿಲ್ಲ. ಅದೇ ವರ್ಷ ಬೇರೆ ಓರೆಯಲ್ಲಿ ಹಾರಿದ ಮತ್ತೊಂದು ಉಪಗ್ರಹದ ಪಥವನ್ನೂ ಭೂಪಟದ ಮೇಲೆ ಎಳೆದು ನೋಡಿದರು. ಎರಡು ಗೆರೆಗಳು ಮಾಸ್ಕೋದಿಂದ ಸುಮಾರು 800 ಕಿಲೋಮೀಟರ್ ಉತ್ತರಕ್ಕಿರುವ ಪ್ಲೆಸೆಟ್ಸ್ಕ್ ಎಂಬ ಊರಿನ ಬಳಿ ಸಂಧಿಸಿದವು. ಅಲ್ಲೊಂದು ಹೊಸ ಉಡಾವಣಾ ಕೇಂದ್ರವಿದೆ ಎಂದು ಪೆರಿಯವರು 1966ರಲ್ಲಿಯೇ ಜಗತ್ತಿಗೆ ಸಾರಿದರು. ಸೋವಿಯತ್ ಸರಕಾರ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1983ರಲ್ಲಿ. ಒಂದು ಮಹಾಶಕ್ತಿ ಹದಿನೇಳು ವರ್ಷ ಬಾಯಿಬಿಡದೆ ಇದ್ದ ವಿಷಯವನ್ನು, ಶಾಲೆಯ ಕೊಠಡಿಯೊಂದರಲ್ಲಿ ಕುಳಿತ ಹುಡುಗರು ಪೆನ್ಸಿಲು, ಭೂಪಟ, ರೇಡಿಯೋಗಳಿಂದ ಬಿಡಿಸಿದ್ದರು.

ಇದನ್ನು ಹೇಳಿದೊಡನೆ ನಮ್ಮವರು ಒಡ್ಡುವ ಆಕ್ಷೇಪಗಳು ನನಗೆ ಚೆನ್ನಾಗಿ ಗೊತ್ತು. ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ.

ಮೊದಲನೆಯದು ಸಲಕರಣೆಯ ಆಕ್ಷೇಪ. "ಅವರಿಗೆ ರೇಡಿಯೋ ಇತ್ತು, ನಮ್ಮ ಶಾಲೆಗಳಲ್ಲಿ ಏನಿದೆ?" ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಭೂಮಿಗೆ ಸಮೀಪದ ಕಕ್ಷೆಯ ಉಪಗ್ರಹವನ್ನು ಗುರುತಿಸಲು ರೇಡಿಯೋ ಸಹ ಅನಿವಾರ್ಯವಲ್ಲ. ಸೂರ್ಯ ಮುಳುಗಿದ ನಂತರದ ಒಂದೆರಡು ಗಂಟೆ ನಾವು ಕತ್ತಲೆಯಲ್ಲಿರುತ್ತೇವೆ. 500 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಆಗ ಇನ್ನೂ ಬಿಸಿಲು ಇರುತ್ತದೆ, ಅದರಿಂದ ಅದು ಹೊಳೆಯುತ್ತದೆ. ಏಪ್ರಿಲ್-ಮೇ ತಿಂಗಳ ಸಂಜೆ ಸ್ವಾತಿ ಮತ್ತು ಚಿತ್ರಾ ನಕ್ಷತ್ರಗಳ ನಡುವೆ ಅದು ಯಾವ ಸೆಕೆಂಡಿನಲ್ಲಿ ದಾಟಿತು, ಎರಡರಲ್ಲಿ ಯಾವುದಕ್ಕೆ ಎಷ್ಟು ಹತ್ತಿರವಾಗಿತ್ತು ಎಂದು ಬರೆದಿಟ್ಟರೆ ಒಂದು ವೀಕ್ಷಣೆಯಾಯಿತು. ತೋಳನ್ನು ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಅಳತೆಗೋಲು ಮನುಷ್ಯನ ಮೈಯಲ್ಲೇ ಇದೆ. ನಿಖರವಾಗಿ ಬೇಕೆಂದರೆ ಒಂದು ಬೈನಾಕ್ಯುಲರ್, ಒಂದು ಸ್ಟಾಪ್ ವಾಚ್ ಸಾಕು.

ಬರೆದಿಟ್ಟದ್ದನ್ನು ಈಗಾಗಲೇ ಪಟ್ಟಿಯಲ್ಲಿರುವ ಉಪಗ್ರಹಗಳ ಪಥಗಳೊಂದಿಗೆ ಹೋಲಿಸಬೇಕು. ಅಮೆರಿಕದ ಸೇನೆ ಪ್ರಕಟಿಸುವ ಪಟ್ಟಿ ಇಂದು ಯಾರಿಗೂ ದೊರೆಯುತ್ತದೆ. ಪತ್ತೆಹಚ್ಚಿ ಗಮನಿಸಲಾಗುತ್ತಿರುವ ವಸ್ತುಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಯಾವುದಕ್ಕೂ ಹೊಂದದಿದ್ದರೆ ಮಾತ್ರ ಅದು "ಗುರುತು ಸಿಗದ" ವಸ್ತು. ಆಗ ಮುಂದಿನ ಸಂಜೆಗಳಲ್ಲಿ ಮತ್ತೆ ಕಾಯಬೇಕು. ತೊಂಬತ್ತು ನಿಮಿಷಕ್ಕೊಂದು ಸುತ್ತು ಬರುವ ಉಪಗ್ರಹ ಒಂದು ಸುತ್ತು ಮುಗಿಸುವಷ್ಟರಲ್ಲಿ ಭೂಮಿ ಇಪ್ಪತ್ತೆರಡೂವರೆ ಡಿಗ್ರಿ ತಿರುಗಿರುತ್ತದೆ. ಆದ್ದರಿಂದ ಮುಂದಿನ ಸಲ ಅದು ಸಮಭಾಜಕ ವೃತ್ತವನ್ನು ಸುಮಾರು 2500 ಕಿಲೋಮೀಟರ್ ಪಶ್ಚಿಮಕ್ಕೆ ದಾಟುತ್ತದೆ. ಈ ಜಾರುವಿಕೆಯನ್ನು ಹಿಡಿದು ಅದು ಎಲ್ಲಿ, ಯಾವಾಗ ಮತ್ತೆ ಕಾಣಬೇಕೆಂದು ಹೇಳಬಹುದು. ಹೇಳಿದ ಸಮಯಕ್ಕೆ ಕಂಡರೆ ಲೆಕ್ಕ ಸರಿ. ಕಾಣದಿದ್ದರೆ ಲೆಕ್ಕ ತಪ್ಪು. ಇದಕ್ಕಿಂತ ನಿಷ್ಠುರವಾದ ಪರೀಕ್ಷಕನನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ.

ಎರಡನೆಯದು ಭದ್ರತೆಯ ಆಕ್ಷೇಪ. "ಗುಪ್ತ ಉಪಗ್ರಹಗಳ ಕಕ್ಷೆಯನ್ನು ಹವ್ಯಾಸಿಗಳು ಬಯಲು ಮಾಡುವುದು ದೇಶಗಳಿಗೆ ಅಪಾಯವಲ್ಲವೇ?" ಇದು ಗಂಭೀರವಾದ ಪ್ರಶ್ನೆ, ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಗುಟ್ಟು ಯಾರಿಂದ ಎಂದು ಕೇಳಿನೋಡಿ. 1960ರ ಮೇ 1ರಂದು ಸೋವಿಯತ್ ನೆಲದ ಮೇಲೆ ಹೊಡೆದುರುಳಿಸಲ್ಪಟ್ಟ ಅಮೆರಿಕದ ಯು-2 ಬೇಹು ವಿಮಾನದ ಹಾರಾಟದ ಯೋಜನೆಯಲ್ಲಿ ಪ್ಲೆಸೆಟ್ಸ್ಕ್ ಕೂಡ ಸೇರಿತ್ತು. ಅಂದರೆ ಕೆಟರಿಂಗಿನ ಹುಡುಗರಿಗಿಂತ ಆರು ವರ್ಷ ಮೊದಲೇ ಎದುರಾಳಿಯ ಕಣ್ಣು ಆ ಊರಿನ ಮೇಲಿತ್ತು. ಗೊತ್ತಿರದಿದ್ದವರು ಎರಡೂ ದೇಶಗಳ ಸಾಮಾನ್ಯ ಪ್ರಜೆಗಳು ಮಾತ್ರ. 2010ರ ಏಪ್ರಿಲ್ 22ರಂದು ಅಮೆರಿಕ ಎಕ್ಸ್-37ಬಿ ಎಂಬ ಮಾನವರಹಿತ ನೌಕೆಯನ್ನು ಹಾರಿಸಿ ಕಕ್ಷೆಯನ್ನು ಹೇಳದೆ ಉಳಿಯಿತು. ಒಂದು ತಿಂಗಳೊಳಗೆ ಕೆನಡಾದ ಟೆಡ್ ಮೋಲ್ಜಾನ್, ದಕ್ಷಿಣ ಆಫ್ರಿಕಾದ ಗ್ರೆಗ್ ರಾಬರ್ಟ್ಸ್ ಮೊದಲಾದ ಹವ್ಯಾಸಿಗಳು ಅದನ್ನು ಹುಡುಕಿ, ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ 40 ಡಿಗ್ರಿ ಓರೆಯಲ್ಲಿ ಸುತ್ತುತ್ತಿದೆಯೆಂದು ಪ್ರಕಟಿಸಿದರು. ಮನೆಯ ಅಂಗಳದಿಂದ ಕಾಣುವ ವಸ್ತುವನ್ನು ದೊಡ್ಡ ರೇಡಾರುಗಳಿರುವ ಶತ್ರುದೇಶ ಕಾಣಲಾರದು ಎಂದು ನಂಬುವುದಾದರೂ ಹೇಗೆ? ಉಪಗ್ರಹದ ಒಳಗೇನಿದೆ ಎಂಬುದು ಗುಟ್ಟಾಗಿರಬಹುದು. ಅದು ಎಲ್ಲಿದೆ ಎಂಬುದು ನ್ಯೂಟನ್ನನ ಕಾಲದಿಂದಲೂ ಗುಟ್ಟಲ್ಲ.

ಇದರ ಇನ್ನೊಂದು ಮುಖವೂ ಉಂಟು. 1976ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ನೋಂದಣಿ ಒಡಂಬಡಿಕೆಯ ಪ್ರಕಾರ ಉಪಗ್ರಹ ಹಾರಿಸಿದ ದೇಶವು ಅದರ ಸುತ್ತಿನ ಅವಧಿ, ಓರೆ, ಅತಿ ಹೆಚ್ಚಿನ ಎತ್ತರ, ಅತಿ ಕಡಿಮೆಯ ಎತ್ತರ ಎಂಬ ನಾಲ್ಕು ಮೂಲ ಅಂಶಗಳನ್ನು ತಿಳಿಸಬೇಕು. ಏಕೆ ತಿಳಿಸಬೇಕೆಂಬುದಕ್ಕೆ 1978ರ ಜನವರಿ 24ನ್ನು ನೆನೆಯಿರಿ. ಅಂದು ಪರಮಾಣು ಸ್ಥಾವರವನ್ನು ಹೊತ್ತಿದ್ದ ಸೋವಿಯತ್ ಕಾಸ್ಮೋಸ್ 954 ಕೆನಡಾದ ಉತ್ತರ ಭಾಗದ ಮೇಲೆ ಒಡೆದು ಬಿದ್ದು, ವಿಕಿರಣಶೀಲ ತುಣುಕುಗಳು ಹಿಮದ ಮೇಲೆ ಚದುರಿದವು. ಕೊನೆಗೆ 1981ರಲ್ಲಿ ಸೋವಿಯತ್ ಒಕ್ಕೂಟ 30 ಲಕ್ಷ ಕೆನಡಾ ಡಾಲರ್ ಕೊಡಲು ಒಪ್ಪಿತು. ಯಾರದು ಎಂಬುದು ಗೊತ್ತಿದ್ದುದರಿಂದ ಹೊಣೆಯನ್ನು ಕೇಳಲು ಸಾಧ್ಯವಾಯಿತು. ವಾರಸುದಾರರಿಲ್ಲದ ದನ ಹೊಲಕ್ಕೆ ನುಗ್ಗಿದರೆ ನಷ್ಟ ಕಟ್ಟಿಕೊಡುವವರಾರು?

ಮೂರನೆಯದು, ನನಗೆ ಅತ್ಯಂತ ನೋವು ತಂದ ಆಕ್ಷೇಪ: "ಇದು ಪರೀಕ್ಷೆಯಲ್ಲಿ ಎಷ್ಟು ಅಂಕಕ್ಕೆ ಬರುತ್ತದೆ?" ನಾನು ಸೇವೆ ಸಲ್ಲಿಸಿದ ಒಂದು ಶಾಲೆಯಲ್ಲಿ ತಿಂಗಳಿಗೊಂದು ಸಂಜೆ ಮಕ್ಕಳನ್ನು ಮೈದಾನದಲ್ಲಿ ಕೂರಿಸಿ ಆಕಾಶ ತೋರಿಸಲು ಅನುಮತಿ ಕೇಳಿದಾಗ ಮೇಲಿನವರು ಇದೇ ಮಾತನ್ನು ಆಡಿದರು. ಅನುಮತಿ ಸಿಗಲಿಲ್ಲ. ಅದೇ ಶಾಲೆಯಲ್ಲಿ ಅದೇ ವರ್ಷ ಡಾಪ್ಲರ್ ಪರಿಣಾಮದ ವ್ಯಾಖ್ಯೆಯನ್ನು ಮಕ್ಕಳು ಹತ್ತು ಸಲ ಬರೆದು ಬಾಯಿಪಾಠ ಮಾಡಿದರು, ಅಂಕವನ್ನೂ ಪಡೆದರು. ಅವರಲ್ಲಿ ಎಷ್ಟು ಮಂದಿಗೆ ಆ ವ್ಯಾಖ್ಯೆ ಇಂದು ನೆನಪಿದೆ ಎಂದು ಕೇಳಿದರೆ ಉತ್ತರ ನಿಮಗೇ ಗೊತ್ತು.

ನಮ್ಮ ಮೊದಲ ಉಪಗ್ರಹ ಆರ್ಯಭಟ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಂಡು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ವಿದ್ಯುತ್ ವ್ಯವಸ್ಥೆಯ ತೊಂದರೆಯಿಂದ ಅದರ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತರೂ, ಉಪಗ್ರಹ ಮಾತ್ರ 1992ರವರೆಗೆ ಭೂಮಿಯನ್ನು ಸುತ್ತುತ್ತಲೇ ಇತ್ತು. ಎರಡು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ಅಚ್ಚಾಯಿತು. ಅಂಗಡಿಗೆ ಹೋದಾಗಲೆಲ್ಲ ನಾವು ಅದನ್ನು ಕೈಯಲ್ಲಿ ಹಿಡಿದೆವು. ಅದೇ ಹದಿನೇಳು ವರ್ಷ ಅದು ನಮ್ಮ ತಲೆಯ ಮೇಲೆ ಸುತ್ತುತ್ತಿರಲು, ಬೈನಾಕ್ಯುಲರ್ ಹಿಡಿದು ಅದನ್ನು ಅರಸಿದ ಶಾಲೆಗಳೆಷ್ಟು? ಹೆಮ್ಮೆಪಡುವುದು ಸುಲಭ, ತಲೆಯೆತ್ತಿ ನೋಡುವುದು ಕಷ್ಟ.

ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 1979ರ ಜುಲೈ ತಿಂಗಳಿಗಿಂತ ದೊಡ್ಡ ಪಾಠ ಬೇಡ. ಅಮೆರಿಕದ ಸ್ಕೈಲ್ಯಾಬ್ ಬೀಳಲಿದೆ ಎಂಬ ಸುದ್ದಿ ಹಬ್ಬಿತ್ತು. ನಾನಿದ್ದ ಹಳ್ಳಿಯಲ್ಲಿ, ಸಾಯುವುದಾದರೆ ಮನೆಮಂದಿಯೆಲ್ಲ ಒಟ್ಟಿಗೇ ಇರೋಣವೆಂದು ಹಿರಿಯರು ಮಕ್ಕಳನ್ನು ಶಾಲೆಗೆ ಕಳುಹಿಸಲಿಲ್ಲ. ಬಂದಿದ್ದ ಹತ್ತು-ಹನ್ನೆರಡು ಮಕ್ಕಳ ಮುಂದೆ ಭೂಗೋಳವನ್ನು ಇಟ್ಟು, ಸಮಭಾಜಕ ವೃತ್ತಕ್ಕೆ 50 ಡಿಗ್ರಿ ಓರೆಯಾಗಿ ಒಂದು ದಾರವನ್ನು ಸುತ್ತಿದೆ. ದಾರದ ಕೆಳಗೆ ಸಮುದ್ರವೆಷ್ಟು, ನೆಲವೆಷ್ಟು, ನೆಲದಲ್ಲಿ ನಮ್ಮ ತಾಲ್ಲೂಕು ಎಷ್ಟು ಎಂದು ಎಣಿಸಿದೆವು. ಗಂಟೆ ಹೊಡೆಯುವ ಹೊತ್ತಿಗೆ ಮಕ್ಕಳು ನಗುತ್ತಿದ್ದರು. ಜುಲೈ 11ರಂದು ಅದು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಮೇಲೆ ಚೂರಾಗಿ ಬಿತ್ತು. ಅಲ್ಲಿಯ ಎಸ್ಪರೆನ್ಸ್ ಎಂಬ ಊರಿನ ಆಡಳಿತ, ಕಸ ಚೆಲ್ಲಿದ್ದಕ್ಕೆ ತಮಾಷೆಗಾಗಿ ಅಮೆರಿಕಕ್ಕೆ 400 ಡಾಲರ್ ದಂಡ ಹಾಕಿತಂತೆ! ಆ ತರಗತಿಯಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ದಾರದ ನೆನಪು ಇರಬಹುದು. ಭಯಕ್ಕೆ ಔಷಧ ಧೈರ್ಯದ ಮಾತಲ್ಲ, ಲೆಕ್ಕ.

ಈಗ ಅನ್ಯಲೋಕದ ಗುಂಪಿಗೆ ಬರೋಣ. "ಬ್ಲಾಕ್ ನೈಟ್" ಎಂಬ ಹದಿಮೂರು ಸಾವಿರ ವರ್ಷ ಹಳೆಯ ಉಪಗ್ರಹವೊಂದು ಭೂಮಿಯನ್ನು ಸುತ್ತುತ್ತಿದೆಯೆಂಬ ಕಥೆ ನನ್ನ ಮೊಬೈಲಿಗೂ ಬಂದಿದೆ. ಕಳುಹಿಸಿದವರು ನಮ್ಮ ಬಂಧುಗಳೇ. ಅದರ ಜೊತೆಯ ಚಿತ್ರ 1998ರ ಡಿಸೆಂಬರಿನಲ್ಲಿ ಎಂಡೆವರ್ ನೌಕೆಯಿಂದ ತೆಗೆದದ್ದು. ಬಾಹ್ಯಾಕಾಶ ನಿಲ್ದಾಣದ ಜೋಡಣೆಯ ವೇಳೆ ಗಗನಯಾತ್ರಿಗಳ ಕೈತಪ್ಪಿ ತೇಲಿಹೋದ ಶಾಖರಕ್ಷಕ ಹೊದಿಕೆಯದು. ಅದಕ್ಕೂ ಪಟ್ಟಿಯಲ್ಲಿ ಒಂದು ಸಂಖ್ಯೆ ದೊರಕಿತ್ತು. ಕೆಲವೇ ದಿನಗಳಲ್ಲಿ ಅದು ವಾತಾವರಣಕ್ಕಿಳಿದು ಸುಟ್ಟುಹೋಯಿತು. ಕಥೆಗೆ ಆಧಾರವೆಂದು ಹೇಳುವ ಇನ್ನೊಂದು ಘಟನೆ 1960ರ ಫೆಬ್ರವರಿಯದು. ಗುರುತು ಸಿಗದ ವಸ್ತುವೊಂದು ಕಕ್ಷೆಯಲ್ಲಿದೆಯೆಂದು ಅಮೆರಿಕದಲ್ಲಿ ಗದ್ದಲವೆದ್ದಿತು, ಸೋವಿಯತ್ ಬೇಹು ಉಪಗ್ರಹವೆಂಬ ಸಂಶಯವೂ ಹುಟ್ಟಿತು. ಕಕ್ಷೆಯನ್ನು ಹಿಂದಕ್ಕೆ ಲೆಕ್ಕ ಹಾಕಿದಾಗ ಅದು ಅಮೆರಿಕದ್ದೇ ಡಿಸ್ಕವರರ್ ಸರಣಿಯ ಉಪಗ್ರಹವೊಂದರ ದಾರಿತಪ್ಪಿದ ಭಾಗವೆಂದು ತಿಳಿಯಿತು. ಗದ್ದಲ ಮಾತ್ರ ಅರವತ್ತು ವರ್ಷ ದಾಟಿಯೂ ಉಳಿದಿದೆ, ಲೆಕ್ಕವನ್ನು ಯಾರೂ ಮುಂದಕ್ಕೆ ಕಳುಹಿಸುವುದಿಲ್ಲ.

2019ರ ಮೇ ತಿಂಗಳಲ್ಲಿ ಸ್ಟಾರ್‌ಲಿಂಕಿನ ಮೊದಲ 60 ಉಪಗ್ರಹಗಳು ಮುತ್ತಿನ ಸರದಂತೆ ಸಾಲಾಗಿ ಸಾಗಿದಾಗಲೂ ಹಲವು ದೇಶಗಳ ಜನ ಬೆಚ್ಚಿದರು. ನೆದರ್ಲೆಂಡಿನ ಲೈಡನ್ನಿನಲ್ಲಿ ಮಾರ್ಕೊ ಲಾಂಗ್‌ಬ್ರೂಕ್ ಎಂಬವರು ಮಾತ್ರ ಅವು ಬರುವ ಪಥವನ್ನು ಮೊದಲೇ ಅಂದಾಜು ಮಾಡಿ ಕ್ಯಾಮೆರಾ ಹಿಡಿದು ಕಾದಿದ್ದರು. ಲೋಕವೆಲ್ಲ ನೋಡಿದ ಚಿತ್ರ ಅವರು ತೆಗೆದದ್ದು. ಆಕಾಶ ಎಲ್ಲರಿಗೂ ಒಂದೇ ಆಗಿತ್ತು; ಬೆಚ್ಚಿದವರಿಗೂ ಕಾದವರಿಗೂ ನಡುವೆ ಇದ್ದದ್ದು ಒಂದು ಹಾಳೆಯಷ್ಟು ಗಣಿತ.

ಇದರಿಂದ ಲೋಕಕ್ಕೆ ಪ್ರಯೋಜನವೇನೆಂದು ಕೇಳುವವರಿಗೂ ಉತ್ತರವಿದೆ. 2018ರ ಜನವರಿಯಲ್ಲಿ ಕೆನಡಾದ ಹವ್ಯಾಸಿ ಸ್ಕಾಟ್ ಟಿಲ್ಲಿ, ಆಗಷ್ಟೇ ಹಾರಿದ್ದ ಜುಮಾ ಎಂಬ ಗುಪ್ತ ಉಪಗ್ರಹವನ್ನು ರೇಡಿಯೋದಲ್ಲಿ ಅರಸುತ್ತಿದ್ದರು. ಅದು ಸಿಗಲಿಲ್ಲ. ಬದಲಿಗೆ ಮತ್ತೊಂದು ಸಂಕೇತ ಕೇಳಿಸಿತು. ಡಾಪ್ಲರ್ ಲೆಕ್ಕ ಹಾಕಿ ನೋಡಿದರೆ ಅದು 2000ದಲ್ಲಿ ಹಾರಿ, 2005ರ ಡಿಸೆಂಬರಿನಲ್ಲಿ ಮೌನವಾಗಿ, ನಾಸಾ ಕೈಬಿಟ್ಟಿದ್ದ ಇಮೇಜ್ ಎಂಬ ವಿಜ್ಞಾನ ಉಪಗ್ರಹ! ಹನ್ನೆರಡು ವರ್ಷ ಸತ್ತಿದೆಯೆಂದು ಬಗೆದಿದ್ದದ್ದು ಜೀವಂತವಿತ್ತು. ನಾಸಾ ಪರಿಶೀಲಿಸಿ ಆ ತಿಂಗಳ ಕೊನೆಯಲ್ಲಿ ಹೌದೆಂದಿತು. ಹವ್ಯಾಸಿಯೊಬ್ಬ ಹೇಳಿದನೆಂದು ಮೂಗು ಮುರಿಯಲಿಲ್ಲ.

ನಮ್ಮಲ್ಲಿಯೂ ಅಂಥ ಅವಕಾಶಗಳಿವೆ. 2017ರ ಫೆಬ್ರವರಿ 15ರಂದು ಪಿಎಸ್‌ಎಲ್‌ವಿ ಒಂದೇ ಸಲಕ್ಕೆ 104 ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಹೀಗೆ ಗುಂಪಾಗಿ ಬಿಟ್ಟಾಗ ಯಾವ ಚುಕ್ಕೆ ಯಾವ ಉಪಗ್ರಹ ಎಂದು ಬಿಡಿಸುವುದೇ ದೊಡ್ಡ ಕೆಲಸ. ರೇಡಿಯೋ ಹವ್ಯಾಸಿಗಳು ಪ್ರತಿಯೊಂದರ ಸಂಕೇತವನ್ನು ಆಲಿಸಿ, ಡಾಪ್ಲರ್ ತಿರುವನ್ನು ಕಕ್ಷೆಗೆ ಹೊಂದಿಸಿ, ಗುರುತು ಹೇಳುವುದುಂಟು. 2010ರಲ್ಲಿ ಬೆಂಗಳೂರು ಮತ್ತು ಹೈದರಾಬಾದಿನ ಕಾಲೇಜು ವಿದ್ಯಾರ್ಥಿಗಳು ಒಂದು ಕಿಲೋಗ್ರಾಮಿಗೂ ಕಡಿಮೆ ತೂಕದ ಸ್ಟಡ್‌ಸ್ಯಾಟ್ ಕಟ್ಟಿ ಹಾರಿಸಿದರು. ಉಪಗ್ರಹವನ್ನು ಕಟ್ಟಬಲ್ಲ ನಾಡಿನಲ್ಲಿ ಉಪಗ್ರಹವನ್ನು ನೋಡಬಲ್ಲ ಮಕ್ಕಳು ಇಲ್ಲವೆಂದರೆ ನಂಬುವವರಾರು?

ಇಸ್ರೋದ ಬಗ್ಗೆ ನನಗೆ ಅಪಾರ ಗೌರವವಿದೆ. ಕಕ್ಷೆಯ ವಸ್ತುಗಳ ಮೇಲೆ ಕಣ್ಣಿಡುವ ಅದರ ಕೇಂದ್ರ 2022ರಲ್ಲಿ ಬೆಂಗಳೂರಿನಲ್ಲಿಯೇ ಉದ್ಘಾಟನೆಯಾಯಿತು. ಆದರೆ ಗೌರವವೆಂದರೆ ಕಣ್ಣುಮುಚ್ಚುವುದಲ್ಲ. 2019ರ ಮಾರ್ಚ್ 27ರಂದು ನಮ್ಮ ದೇಶ ಸುಮಾರು 280 ಕಿಲೋಮೀಟರ್ ಎತ್ತರದಲ್ಲಿ ತನ್ನದೇ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆದು ಪರೀಕ್ಷಿಸಿದಾಗ, ಚೂರುಗಳೆಲ್ಲ 45 ದಿನಗಳಲ್ಲಿ ನಾಶವಾಗುತ್ತವೆಂದು ಅಧಿಕೃತವಾಗಿ ಹೇಳಲಾಯಿತು. ಹೆಚ್ಚಿನವು ಬೇಗನೆ ಬಿದ್ದದ್ದು ನಿಜ. ಕೆಲವು ಒಂದು ವರ್ಷ ಮೀರಿಯೂ ಸುತ್ತುತ್ತಿದ್ದವು. ಇದು ಸಾರ್ವಜನಿಕ ಪಟ್ಟಿಯನ್ನು ಎಣಿಸಿದ ಯಾರಿಗಾದರೂ ತಿಳಿಯುತ್ತಿತ್ತು. ಇದನ್ನು ಹೇಳುವುದು ದೇಶನಿಂದೆಯಲ್ಲ. ಒಬ್ಬರ ಲೆಕ್ಕವನ್ನು ಮತ್ತೊಬ್ಬರು ತಾಳೆ ನೋಡುವುದು ವಿಜ್ಞಾನದ ಸಹಜ ಧರ್ಮ. ತಾಳೆ ನೋಡುವ ಪ್ರಜೆಗಳಿಲ್ಲದ ದೇಶದಲ್ಲಿ ವಿಜ್ಞಾನಿಗಳೂ ಒಂಟಿಯಾಗುತ್ತಾರೆ.

ಆದುದರಿಂದ ನನ್ನ ತಕರಾರು ಯಾವ ಸರಕಾರದ ಮೇಲೂ ಅಲ್ಲ, ನಿಮ್ಮ ಮೇಲೆ ಮತ್ತು ನಮ್ಮೆಲ್ಲರ ಮೇಲೆ. ಆಕಾಶಕ್ಕೆ ಯಾವ ರಾಜನೂ ಬೇಲಿ ಹಾಕಿಲ್ಲ. ತಲೆ ತಗ್ಗಿಸಿ ನಡೆಯುವ ಅಭ್ಯಾಸದಿಂದ ನಾವೇ ಅದನ್ನು ಹಾಕಿಕೊಂಡಿದ್ದೇವೆ. ಶಿಕ್ಷಕರಾಗಿರುವವರು ತಿಂಗಳಿಗೊಂದು ಸಂಜೆಯನ್ನು ಮಕ್ಕಳಿಗೆ ಕೊಡಿ. ಆಡಳಿತ ಮಂಡಳಿಯಲ್ಲಿರುವವರು ಆ ಸಂಜೆಗೆ ಅನುಮತಿಯನ್ನೂ ಒಂದು ಬೈನಾಕ್ಯುಲರನ್ನೂ ಕೊಡಿ. ಶಾಲಾ ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಗಿಂತ ಅದು ಅಗ್ಗ. ತಂದೆ-ತಾಯಂದಿರು ಮಕ್ಕಳೊಂದಿಗೆ ತಾರಸಿಯ ಮೇಲೆ ಅರ್ಧ ಗಂಟೆ ನಿಲ್ಲಿ. ಮೊದಲು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ನೋಡಲಿ. ಅದು ಬರುವ ವೇಳೆ ಮೊದಲೇ ಪ್ರಕಟವಾಗಿರುತ್ತದೆ. ನಂತರ ಹೆಸರು ತಿಳಿಯದ ಚುಕ್ಕೆಯೊಂದನ್ನು ಆರಿಸಿ, ಕಂಡ ಸಮಯ, ದಿಕ್ಕು, ಎರಡು ನಕ್ಷತ್ರಗಳ ನಡುವಿನ ಸ್ಥಾನ, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಹೆಸರನ್ನು ತಾವೇ ಹುಡುಕಲಿ. ಹುಡುಕಿದ ದಿನ ಅವರ ಮುಖವನ್ನು ನೋಡಿ, ಆಮೇಲೆ ಅಂಕದ ಮಾತನ್ನಾಡೋಣ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಕಾಣುವುದು ಅರ್ಧ ಕೆಲಸ; ಪ್ರಮಾಣಿಸುವುದು ಉಳಿದರ್ಧ. ಮುಂದಿನ ಸಲ ವಿಚಿತ್ರ ಬೆಳಕಿನ ವಿಡಿಯೋ ನಿಮ್ಮ ಕೈಗೆ ಬಂದಾಗ ಅದನ್ನು ಮುಂದೂಡುವ ಮೊದಲು ಎಷ್ಟು ಹೊತ್ತಿಗೆ, ಯಾವ ಊರಿನಿಂದ, ಯಾವ ದಿಕ್ಕಿನಲ್ಲಿ ಎಂದು ಕೇಳಿರಿ. ಉತ್ತರವಿದ್ದರೆ ಲೆಕ್ಕ ಹಾಕಲು ಕುಳಿತುಕೊಳ್ಳಿ. ಉತ್ತರವಿಲ್ಲದಿದ್ದರೆ ಅಳಿಸಿಬಿಡಿ.

ನಿಮ್ಮ ವಾದ-ಪ್ರತಿವಾದಗಳನ್ನು ಎಂದಿನಂತೆ ಬರೆದು ತಿಳಿಸಿ. ಲೆಕ್ಕ ಸಮೇತ ಬರೆದವರಿಗೆ ಮೊದಲು ಉತ್ತರಿಸುತ್ತೇನೆ.